ಮೆಣಸಿನ ಏಣಿ ಎತ್ತುವ ಮೊದಲು ತಂತಿ ತೋರಿಸಿ: ಕಾಫಿ ಬೆಳೆಗಾರರಿಗೆ ಒಂದು ಬಹಿರಂಗ ಪತ್ರ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಾನ್ಯ ಕಾಫಿ ಬೆಳೆಗಾರರಿಗೆ, ಬೆಳೆಗಾರರ ಸಂಘಗಳ ಪದಾಧಿಕಾರಿಗಳಿಗೆ, ತೋಟದ ಲೆಕ್ಕ ಬರೆಯುವ ರೈಟರ್‌ಗಳಿಗೆ, ಮೇಸ್ತ್ರಿಗಳಿಗೆ,

ನಮಸ್ಕಾರ.

ಕಳೆದ ಮೆಣಸು ಕೊಯ್ಲಿನಲ್ಲಿ ನನ್ನ ತಮ್ಮ ತೀರಿಕೊಂಡ. ಸಕಲೇಶಪುರ ತಾಲ್ಲೂಕಿನ ಒಂದು ತೋಟದಲ್ಲಿ ಅವನ ಕೈಯಲ್ಲಿದ್ದ ಅಲ್ಯೂಮಿನಿಯಂ ಏಣಿ ಮೇಲಿನ ಕರೆಂಟ್ ತಂತಿಗೆ ತಗುಲಿತು. ಅವನಿಗೆ ಇಪ್ಪತ್ತಾರು ವರ್ಷ. ನಾನು ಅವನ ಅಕ್ಕ. ಇದೇ ತಾಲ್ಲೂಕಿನ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಕೆಲಸ ಮಾಡುತ್ತಿದ್ದೇನೆ.

ಆ ತೋಟದ ಹೆಸರನ್ನಾಗಲಿ, ಮಾಲೀಕರ ಹೆಸರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ. ಪೊಲೀಸ್ ಠಾಣೆಯಲ್ಲಿ ದೂರು ಇದೆ. ಅದರ ಪಾಡಿಗೆ ಅದು ನಡೆಯಲಿ. ಇಲ್ಲಿ ಒಂದು ತೋಟದ ಹೆಸರು ಹಾಕಿದರೆ ಉಳಿದವರೆಲ್ಲ "ಇದು ನಮಗೆ ಬರೆದದ್ದಲ್ಲ" ಅಂತ ಪತ್ರವನ್ನು ಪಕ್ಕಕ್ಕೆ ಇಟ್ಟುಬಿಡುತ್ತೀರಿ. ಹಾಗಾಗಬಾರದು. ಅದೇ ಏಣಿ ನಿಮ್ಮ ಶೆಡ್ಡಿನಲ್ಲೂ ಇದೆ. ಅದೇ ತಂತಿ ಮೆಣಸಿನ ಬಳ್ಳಿ ಹಬ್ಬಿಸಿದ ನಿಮ್ಮ ಸಿಲ್ವರ್ ಓಕ್ ಮರಗಳ ನಡುವೆಯೂ ಹಾದು ಹೋಗಿದೆ.

ಮೊದಲು ಅವನು ಯಾರು ಅಂತ ಹೇಳುತ್ತೇನೆ. ಪೇಪರಿನಲ್ಲಿ ಬಂದದ್ದು "ವಿದ್ಯುತ್ ತಗುಲಿ ಕಾರ್ಮಿಕ ಸಾವು" ಅಂತ, ಮೂರು ಸಾಲು. ಅವನು ಮೂರು ಸಾಲಿನ ಮನುಷ್ಯ ಅಲ್ಲ.

ಅಪ್ಪ ಹೋದಾಗ ಅವನು ಪಿಯುಸಿ ಓದುತ್ತಿದ್ದ. ನಾನು ಡಿ.ಎಡ್. ಸೇರಿದ್ದೆ. ಇಬ್ಬರನ್ನೂ ಓದಿಸುವ ಶಕ್ತಿ ಅಮ್ಮನಿಗೆ ಇರಲಿಲ್ಲ. "ಅಕ್ಕಾ, ನೀನು ಓದು, ಮರ ಹತ್ತೋದು ನನಗೆ ಬಿಡು" ಅಂದ. ದೊಡ್ಡ ತ್ಯಾಗ ಮಾಡುತ್ತಿದ್ದೇನೆ ಅನ್ನುವ ಮುಖ ಮಾಡಿಕೊಂಡು ಹೇಳಲಿಲ್ಲ. ಅಕ್ಕಿ ರೊಟ್ಟಿ ತಿನ್ನುತ್ತಾ, ಇನ್ನೊಂದು ರೊಟ್ಟಿ ಹಾಕು ಅಂತ ಕೇಳುವ ಹಾಗೆ ಹೇಳಿದ. ನನ್ನ ಎರಡು ವರ್ಷದ ಫೀಸು ಕಟ್ಟಿದ್ದು ಮೆಣಸಿನ ಬಳ್ಳಿಯಿಂದ ಬಂದ ದುಡ್ಡಿನಲ್ಲಿ.

ನನಗೆ ಅವನು ತಮ್ಮ ಮಾತ್ರ ಆಗಿರಲಿಲ್ಲ, ಸ್ನೇಹಿತನೂ ಆಗಿದ್ದ. ಊರಿನ ಶಾಲೆ ಮೈದಾನದಲ್ಲಿ ಸ್ಕೂಟಿ ಕಲಿಸಿದವನು ಅವನೇ. ಹಿಂದೆ ಓಡುತ್ತಾ "ಬ್ರೇಕ್ ಹಿಡೀಬೇಡ, ಮುಂದೆ ನೋಡು" ಅಂತ ಕೂಗುತ್ತಿದ್ದ. ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದಾಗ ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಹೋಗಿ ಆ ಉದ್ದದ ಸಾಲಿನಲ್ಲಿ ನಿಲ್ಲುತ್ತಿದ್ದ. ಸಾಲಿನಲ್ಲಿದ್ದ ಯಾರದೋ ಮಗುವನ್ನು ಎತ್ತಿಕೊಂಡು, ಹಾಸನದವರೆಲ್ಲ ತನ್ನ ನೆಂಟರು ಅನ್ನುವ ಹಾಗೆ ಮಾತಾಡುತ್ತಿದ್ದ. ಒಬ್ಬ ಹುಡುಗಿಯ ಮೇಲೆ ಮನಸ್ಸಾದಾಗ ಮೊದಲು ಹೇಳಿದ್ದು ನನಗೆ. ಅಮ್ಮನಿಗೆ ಹೇಗೆ ಹೇಳೋದು ಅಂತ ನಾವಿಬ್ಬರೂ ಸೇರಿ ಯೋಚನೆ ಮಾಡುತ್ತಿದ್ದೆವು. ಇನ್ನೂ ಹೇಳಿರಲಿಲ್ಲ.

ಮಳೆಗಾಲದಲ್ಲಿ ಮರದ ಕೆಲಸ ಇರುವುದಿಲ್ಲ. ಆಗ ಗೆಳೆಯನ ಪಿಕಪ್ ಓಡಿಸುತ್ತಿದ್ದ. ಊರಿನ ವಯಸ್ಸಾದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡೀಸೆಲ್ ದುಡ್ಡೂ ಕೇಳುತ್ತಿರಲಿಲ್ಲ. ಅವನ ತಿಥಿಯ ದಿನ ನಮ್ಮ ಮನೆಯ ಅಂಗಳದಲ್ಲಿ ನಾನು ಯಾವತ್ತೂ ನೋಡಿರದ ಮುದುಕಿಯರು ಬಂದು ಕೂತಿದ್ದರು.

ಕೆಲಸದಲ್ಲಿ ಅವನು ಅಜಾಗರೂಕ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಏಣಿ ಹತ್ತುವ ಮೊದಲು ಕೆಳಗಿನ ಮೆಟ್ಟಿಲ ಮೇಲೆ ನಿಂತು ಎರಡು ಸಲ ಕುಪ್ಪಳಿಸಿ, ಬುಡ ಕೂತಿದೆಯಾ ನೋಡುತ್ತಿದ್ದ. ಮೇಲೆ ಹೋದ ಮೇಲೆ ಏಣಿಯ ತುದಿಯನ್ನು ಹಗ್ಗದಲ್ಲಿ ಮರಕ್ಕೆ ಬಿಗಿದು, ಗಂಟನ್ನು ಹಲ್ಲಲ್ಲಿ ಕಚ್ಚಿ ಎಳೆದು, ಆಮೇಲೆ ಚೀಲಕ್ಕೆ ಕೈ ಹಾಕುತ್ತಿದ್ದ. ಹೊಸ ಹುಡುಗರು ಗಂಟು ಹಾಕದೆ ಹತ್ತಿದರೆ ಬಯ್ದು ಕೆಳಗಿಳಿಸುತ್ತಿದ್ದ. ಬೀಳುವುದರ ಬಗ್ಗೆ ಅವನಿಗೆ ಎಲ್ಲಾ ಗೊತ್ತಿತ್ತು. ತಂತಿಯ ಬಗ್ಗೆ ಅವನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

ಅವತ್ತು ಏನಾಯಿತು ಅನ್ನುವುದನ್ನು ಜೊತೆಯಲ್ಲಿದ್ದ ಅವನ ಗೆಳೆಯರು ನನಗೆ ಹೇಳಿದ್ದಾರೆ. ಒಂದು ಮರ ಮುಗಿಯಿತು. ಪಕ್ಕದ ಮರಕ್ಕೆ ಹೋಗಬೇಕು. ಏಣಿಯನ್ನು ಮಲಗಿಸಿ, ಹೊತ್ತು, ಮತ್ತೆ ಎತ್ತಿ ನಿಲ್ಲಿಸುವುದು ಇಬ್ಬರ ಕೆಲಸ. ಹೊತ್ತೂ ಹಿಡಿಯುತ್ತದೆ. ಕೆ.ಜಿ. ಲೆಕ್ಕದ ಕೆಲಸದಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ನಿಂತ ಏಣಿಯನ್ನು ನಿಂತ ಹಾಗೇ ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆಯುತ್ತಾರೆ. ಇದು ಎಲ್ಲಾ ತೋಟಗಳಲ್ಲೂ ನಡೆಯುವುದೇ, ನಿಮಗೂ ಗೊತ್ತು. ಅವನೂ ಹಾಗೇ ಎತ್ತಿಕೊಂಡ. ಕೆಳಗೆ ಕಾಫಿ ಗಿಡದ ರೆಕ್ಕೆ, ಅಂದರೆ ಅಡ್ಡ ಕೊಂಬೆ, ಕಾಲಿಗೆ ಅಡ್ಡ ಬಂತು. ತುದಿ ಒಂದು ಕಡೆಗೆ ವಾಲಿತು. ಅಷ್ಟೇ.

ಕಾರ್ಯ ಎಲ್ಲಾ ಮುಗಿದ ಮೇಲೆ ನಾನು ಆ ಜಾಗಕ್ಕೆ ಹೋಗಿದ್ದೆ. ಅವನು ನಿಂತಿದ್ದ ಕಡೆ ನಿಂತು ಮೇಲೆ ನೋಡಿದೆ. ಸಿಲ್ವರ್ ಎಲೆಗಳು, ಬಳ್ಳಿಯ ಎಲೆಗಳು, ನಡುವೆ ಬಿಸಿಲು. ತಂತಿ ಕಾಣಲಿಲ್ಲ. ಗಾಳಿ ಬೀಸಿ ಕೊಂಬೆ ಸರಿದಾಗ ಒಂದು ಬೂದು ಗೆರೆ ಕಂಡಿತು, ಮತ್ತೆ ಮರೆಯಾಯಿತು. ಹಗಲು ಹೊತ್ತಿನಲ್ಲಿ, ತಂತಿ ಇದೆ ಅಂತ ಗೊತ್ತಿದ್ದು ಹುಡುಕಿದರೂ ಇಷ್ಟು. ಚೀಲ ಹೊತ್ತು, ಕಾಲಡಿ ನೋಡಿಕೊಂಡು ನಡೆಯುವವನಿಗೆ ಹೇಗೆ ಕಾಣಬೇಕು?

ಇನ್ನೊಂದು ವಿಷಯ. ಅವನು ಬಿದ್ದಾಗ ಏಣಿ ತಂತಿಯಿಂದ ಬಿಟ್ಟುಕೊಂಡಿತ್ತು. ಹುಡುಗರು ಹತ್ತಿರ ಹೋಗಬಹುದಾಗಿತ್ತು, ಹೋದರು. ಅಂಗಾಲು ತಿಕ್ಕಿದರು, ಅಂಗೈ ತಿಕ್ಕಿದರು, ನೀರು ಚಿಮುಕಿಸಿದರು. ಆಮೇಲೆ ತೋಟದ ಜೀಪಿನಲ್ಲಿ ಹಾಕಿಕೊಂಡು ಹೊರಟರು. ಬಡಿತ ನಿಂತ ಎದೆಯನ್ನು ಒತ್ತಬೇಕು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಾ ಇರಬೇಕು, ಆಂಬುಲೆನ್ಸ್ ಬರುವವರೆಗೂ ಬಿಡಬಾರದು. ಹಾಗೆ ಮಾಡಿದ್ದರೆ ಉಳಿಯುತ್ತಿದ್ದ ಅಂತ ನಾನು ಹೇಳುತ್ತಿಲ್ಲ. ಆ ಒಂದು ಅವಕಾಶವೂ ಅವನಿಗೆ ಸಿಗಲಿಲ್ಲ ಅಂತ ಹೇಳುತ್ತಿದ್ದೇನೆ.

ಸತ್ತ ಮೇಲೆ ನಾವು ಕೇಳಿದ ಮಾತುಗಳು ಎರಡೇ. ಒಂದು, "ಅವನ ಟೈಮ್ ಸರಿ ಇರಲಿಲ್ಲ, ಹಣೆಬರಹ." ಇನ್ನೊಂದು, "ಸ್ವಲ್ಪ ನೋಡಿಕೊಂಡು ಮಾಡಬೇಕಾಗಿತ್ತು." ಎರಡನ್ನೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು ಅಂತ ಇಟ್ಟುಕೊಳ್ಳೋಣ. ಆದರೆ ಎರಡೂ ತಪ್ಪು. ಪ್ರತಿ ವರ್ಷ ಮೆಣಸು ಕೊಯ್ಲಿನಲ್ಲಿ, ನೆರಳಿನ ಮರದ ಕೊಂಬೆ ಕಡಿಯುವ ಮರಗಸಿಯಲ್ಲಿ, ಸ್ಪ್ರಿಂಕ್ಲರ್ ಪೈಪ್ ಎತ್ತುವಾಗ ನಮ್ಮ ಎರಡೂ ಜಿಲ್ಲೆಗಳಲ್ಲಿ, ಕೊಡಗಿನಲ್ಲಿ ಇದೇ ರೀತಿಯ ಸಾವುಗಳ ಸುದ್ದಿ ಬರುತ್ತದೆ. ಒಂದೇ ಕೆಲಸ, ಒಂದೇ ಏಣಿ, ಒಂದೇ ತಂತಿ. ಎಷ್ಟು ಜನರ ಹಣೆಯಲ್ಲಿ ಒಂದೇ ಬರಹ ಇರುತ್ತದೆ?

ವಿಷಯ ಸರಳವಾಗಿದೆ. ಮನೆಯ ಸ್ವಿಚ್ಚಿನಲ್ಲಿ ಇರುವುದು 230 ವೋಲ್ಟ್. ತೋಟದ ಮೇಲೆ ಹಾದು ಟ್ರಾನ್ಸ್‌ಫಾರ್ಮರ್‌ಗೆ ಹೋಗುವ 11 ಕೆವಿ ಲೈನಿನಲ್ಲಿ 11,000 ವೋಲ್ಟ್. ಆ ತಂತಿಗೆ ಮೇಲೆ ಹೊದಿಕೆ ಇಲ್ಲ, ಬರೀ ಲೋಹ. ತಂತಿಯನ್ನು ಮಾಡುವುದೂ ಅಲ್ಯೂಮಿನಿಯಂನಿಂದಲೇ, ಯಾಕೆಂದರೆ ಅದರಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ. ನಾವು ಹುಡುಗರ ಕೈಗೆ ಕೊಟ್ಟಿರುವ ಏಣಿಯೂ ಅಲ್ಯೂಮಿನಿಯಂ. ಇನ್ನು ಎತ್ತರದ ಲೆಕ್ಕ ನೋಡಿ. ರಸ್ತೆ ದಾಟುವ ಕಡೆ 11 ಕೆವಿ ತಂತಿ ಕನಿಷ್ಠ 6.1 ಮೀಟರ್ ಮೇಲಿರಬೇಕು ಅನ್ನುತ್ತದೆ ನಿಯಮ. ಅಂದರೆ 20 ಅಡಿ. ರಸ್ತೆ ಇಲ್ಲದ ಜಾಗದಲ್ಲಿ 4.6 ಮೀಟರ್ ಇದ್ದರೂ ನಿಯಮದ ಪ್ರಕಾರ ಸರಿಯೇ. ಅದು 15 ಅಡಿ. ಮೆಣಸಿನ ಏಣಿ 25, 30 ಅಡಿ. ತಂತಿ ಜೋತು ಬೀಳುವುದೇ ಬೇಡ, ಎಲ್ಲವೂ ನಿಯಮದ ಪ್ರಕಾರ ಇದ್ದರೂ ಏಣಿ ಅದನ್ನು ದಾಟಿ ಹೋಗುತ್ತದೆ. ಹಾಗಿರುವಾಗ "ನೋಡಿಕೊಂಡು ಮಾಡು" ಅಂತ ಇಪ್ಪತ್ತಾರು ವರ್ಷದ ಹುಡುಗನ ಮೇಲೆ ಭಾರ ಹಾಕುವುದು ನ್ಯಾಯ ಅಲ್ಲ.

ನಮ್ಮ ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಇದೆ. ಬೆಳಿಗ್ಗೆ ಎದ್ದರೆ ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ. ಗುಂಪು ತೋಟದೊಳಗೆ ಇದ್ದರೆ ಅವತ್ತು ಆಳುಗಳನ್ನು ಒಳಗೆ ಬಿಡುವುದಿಲ್ಲ. ರೈಟರ್ ಗೇಟಿನಲ್ಲೇ ನಿಂತು ಹೇಳಿ ಕಳಿಸುತ್ತಾರೆ. ಇದನ್ನು ನಾವು ಕಲಿತಿದ್ದೇವೆ, ಜೀವ ಕಳೆದುಕೊಂಡು ಕಲಿತಿದ್ದೇವೆ. ಆನೆ ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಅದನ್ನೇ ಹುಡುಕಿ ಎಚ್ಚರಿಕೆ ಕೊಡಲು ನಮಗೆ ಸಾಧ್ಯವಾಗಿದೆ. ತಂತಿ ಕಂಬ ನೆಟ್ಟ ದಿನದಿಂದ ಒಂದೇ ಜಾಗದಲ್ಲಿದೆ. ಅದು ಎಲ್ಲಿದೆ ಅಂತ ಹೇಳಲು ಯಾಕೆ ಆಗುವುದಿಲ್ಲ?

ಆದ್ದರಿಂದ ನನ್ನ ಮೊದಲನೆಯ ವಿನಂತಿ ಬಣ್ಣದ್ದು. ಮರಕ್ಕೆ ನಂಬರ್ ಹಾಕಲು ನಿಮ್ಮ ತೋಟದಲ್ಲಿ ಪೇಂಟ್ ಡಬ್ಬಿ ಇದ್ದೇ ಇರುತ್ತದೆ. ಲೈನ್ ಹಾದು ಹೋಗಿರುವ ಜಾಗದಲ್ಲಿ ಎರಡೂ ಕಡೆ, ನಿಮ್ಮ ಏಣಿ ಎಷ್ಟು ಉದ್ದವೋ ಅಷ್ಟು ದೂರ, ಅದರ ಮೇಲೆ ಇನ್ನೊಂದು ಹತ್ತು ಅಡಿ ಸೇರಿಸಿ, ಅಷ್ಟರೊಳಗೆ ಬರುವ ಪ್ರತಿ ಮರದ ಕಾಂಡಕ್ಕೂ ಎದೆಯ ಮಟ್ಟದಲ್ಲಿ ಕೆಂಪು ಪಟ್ಟೆ ಬಳಿಸಿ. ಕೆಂಪು ಪಟ್ಟೆ ಇದ್ದರೆ ಅಲ್ಯೂಮಿನಿಯಂ ಏಣಿ ಇಲ್ಲ, ದೋಟಿ ಇಲ್ಲ, ಪೈಪ್ ಎತ್ತಿ ನಿಲ್ಲಿಸುವುದಿಲ್ಲ. ಈಗ ತೋಟಗಳಲ್ಲಿ ಅಸ್ಸಾಂನವರು, ಬಂಗಾಳದವರು, ಬಿಹಾರದವರು ಕೆಲಸ ಮಾಡುತ್ತಿದ್ದಾರೆ. ಕನ್ನಡದಲ್ಲಿ ಬೋರ್ಡ್ ಬರೆದರೆ ಅವರಿಗೆ ಅರ್ಥ ಆಗುವುದಿಲ್ಲ. ಕೆಂಪು ಪಟ್ಟೆ ಎಲ್ಲರಿಗೂ ಅರ್ಥವಾಗುತ್ತದೆ. ಕಾಣದ ತಂತಿಯನ್ನು ಕಾಣುವ ಮರದ ಮೇಲೆ ಇಳಿಸಿದ ಹಾಗೆ ಆಗುತ್ತದೆ.

ಆ ಪಟ್ಟೆಯೊಳಗಿನ ಮೆಣಸು ಏನಾಗಬೇಕು ಅಂತ ಕೇಳುತ್ತೀರಿ, ಗೊತ್ತು. ಕೊಯ್ಯಲೇಬೇಕು ಅಂದರೆ ಲೈನ್ ಆಫ್ ಮಾಡಿಸಿ ಕೊಯ್ಯಿಸಿ. ಲೈನ್‌ಮ್ಯಾನ್‌ಗಳು ಕಂಬ ಹತ್ತುವ ಮೊದಲು ಎಲ್‌ಸಿ (ಲೈನ್ ಆಫ್ ಆಗಿದೆ ಅನ್ನುವ ಅನುಮತಿ) ತೆಗೆದುಕೊಳ್ಳುತ್ತಾರಲ್ಲ, ಹಾಗೆಯೇ ಅವರ ಕಚೇರಿಗೆ ಮೊದಲೇ ತಿಳಿಸಿ, ದಿನ ಗೊತ್ತು ಮಾಡಿಕೊಂಡು, ಲೈನ್ ಆಫ್ ಆಗಿದೆ ಅಂತ ಅವರೇ ಬಂದು ಹೇಳಿದ ಮೇಲೆ ಏಣಿ ಎತ್ತಲಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿದರೂ ದೂರು ತೆಗೆದುಕೊಳ್ಳುತ್ತಾರೆ. "ಈಗ ಕರೆಂಟ್ ಹೋಗಿದೆ, ಬೇಗ ಬೇಗ ಕೊಯ್ದುಬಿಡಿ" ಅನ್ನುವ ಮಾತು ಮಾತ್ರ ಯಾವ ತೋಟದಲ್ಲೂ ಬೇಡ. ಹೋದ ಕರೆಂಟ್ ಹೇಳಿ ಬರುವುದಿಲ್ಲ.

ಅದೂ ಕಷ್ಟ ಅಂದರೆ ಆ ಬಳ್ಳಿಯನ್ನು ಬಿಟ್ಟುಬಿಡಿ. ಒಂದು ಒಳ್ಳೆಯ ಬಳ್ಳಿಯಲ್ಲಿ ಮೂರ್ನಾಲ್ಕು ಕೆ.ಜಿ. ಒಣಮೆಣಸು ಸಿಗಬಹುದು. ಕೆ.ಜಿ.ಗೆ ಆರುನೂರು, ಏಳುನೂರು ಅಂದುಕೊಂಡರೂ ಎಷ್ಟಾಯಿತು? ನನ್ನ ತಮ್ಮ ಹೋಗುತ್ತಿದ್ದದ್ದು ಅಂಥ ಒಂದು ಬಳ್ಳಿಯ ಕಡೆಗೆ. ಮುಂದೆ ಲೈನಿನ ಕೆಳಗೆ ಸಿಲ್ವರ್ ನೆಡಬೇಡಿ. ನೆರಳು ಬೇಕಿದ್ದರೆ ಹಾಲವಾಣ ಇದೆ, ಗಿಡ್ಡವಾಗಿ ಕಡಿದು ಇಡಬಹುದು. ಲೈನಿನ ಕೆಳಗೆ ಬರೀ ಕಾಫಿ ಇದ್ದರೂ ನಷ್ಟವೇನಿಲ್ಲ.

ಏಣಿ ಬದಲಾಯಿಸುವ ಮಾತು. ಫೈಬರ್ ಏಣಿಗಳು ಬಂದಿವೆ. ಅಲ್ಯೂಮಿನಿಯಂಗಿಂತ ದುಬಾರಿ, ಭಾರವೂ ಜಾಸ್ತಿ. ಒಬ್ಬೊಬ್ಬರೇ ಕೊಳ್ಳುವುದು ಕಷ್ಟ ಅಂದರೆ ಸಂಘದಿಂದ ಕೊಂಡು, ಲೈನ್ ಹತ್ತಿರದ ಕೆಲಸಕ್ಕೆ ಒಬ್ಬರಿಂದ ಒಬ್ಬರಿಗೆ ಕೊಡಬಹುದು. ಬಿದಿರಿನ ಏಣಿ ಇದ್ದರೆ ಭಯ ಇಲ್ಲ ಅಂತ ಕೆಲವರು ಹೇಳುತ್ತಾರೆ. ಹಸಿ ಬಿದಿರಿನಲ್ಲೂ, ಮಂಜಿನಲ್ಲಿ ನೆನೆದ ಬಿದಿರಿನಲ್ಲೂ ಕರೆಂಟ್ ಹರಿಯುತ್ತದೆ. ಯಾವ ಏಣಿಯಾದರೂ ಸರಿ, ದೂರ ಇರುವುದೇ ಮೊದಲ ರಕ್ಷಣೆ. ಏಣಿಯನ್ನು ನಿಲ್ಲಿಸಿಕೊಂಡೇ ನಡೆಯುವುದನ್ನು ಪೂರ್ತಿ ನಿಲ್ಲಿಸಿ. ಇದಕ್ಕೆ ಕೆ.ಜಿ. ಲೆಕ್ಕ ಅಡ್ಡ ಬರುತ್ತದೆ. ಲೈನ್ ಇರುವ ಬ್ಲಾಕಿನಲ್ಲಾದರೂ ದಿನಗೂಲಿ ಕೊಡಿ. ಅವಸರ ತಾನಾಗಿಯೇ ಕಡಿಮೆ ಆಗುತ್ತದೆ.

ನೀವೆಲ್ಲ ದೊಡ್ಡ ಸಾಹುಕಾರರಲ್ಲ ಅಂತ ನನಗೆ ಗೊತ್ತು. ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಕಾಂಡಕೊರಕ ಹುಳು, ಆನೆ, ಹೊತ್ತಿಗೆ ಬಾರದ ಹೂಮಳೆ, ಬ್ಯಾಂಕಿನ ಸಾಲ, ಎಲ್ಲವನ್ನೂ ನಾನು ನೋಡಿಕೊಂಡೇ ಬೆಳೆದಿದ್ದೇನೆ. ಎಷ್ಟೋ ಕಡೆ ಮಾಲೀಕರ ಮಕ್ಕಳೇ ಏಣಿ ಹಿಡಿಯುತ್ತಾರೆ. ಅವರಿಗಾಗಿಯೂ ಬರೆಯುತ್ತಿದ್ದೇನೆ. ತಂತಿ ಮಾಲೀಕರ ಮಗ ಯಾರು, ಆಳು ಯಾರು ಅಂತ ಕೇಳುವುದಿಲ್ಲ.

ಇನ್ನು ದಾಖಲೆಯ ವಿಷಯ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ. ನನ್ನ ತಮ್ಮ ಆ ತೋಟದಲ್ಲಿ ಕೆಲಸ ಮಾಡುತ್ತಿದ್ದ ಅನ್ನುವುದಕ್ಕೆ ತೋಟದ ಯಾವ ಪುಸ್ತಕದಲ್ಲೂ ಅವನ ಹೆಸರು ಇರಲಿಲ್ಲ. "ಅವರು ಗುತ್ತಿಗೆಯ ಹುಡುಗರು" ಅಂದರು. ಗುತ್ತಿಗೆ ಹಿಡಿದವರು "ಅವರು ಅವರೇ ಸೇರಿಕೊಂಡು ಬಂದ ಗುಂಪು" ಅಂದರು. ಕೊನೆಗೆ ಸಿಕ್ಕಿದ್ದು ಅವನ ಶರ್ಟಿನ ಜೇಬಿನಲ್ಲಿದ್ದ ಪಾಕೆಟ್ ನೋಟ್‌ಬುಕ್. ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದ. ದಿನಾಂಕ, ಯಾವ ತೋಟ, ಯಾರು ಎಷ್ಟು ಕೆ.ಜಿ., ಯಾರು ಎಷ್ಟು ಅಡ್ವಾನ್ಸ್ ತೆಗೆದುಕೊಂಡಿದ್ದಾರೆ, ಎಲ್ಲಾ ದುಂಡಗಿನ ಅಕ್ಷರದಲ್ಲಿ ಬರೆದಿದ್ದ. ಕೊನೆಯ ಪುಟದಲ್ಲಿ "ಅಕ್ಕನ ಸ್ಕೂಟಿ ಇನ್ಶೂರೆನ್ಸ್ ಏಪ್ರಿಲ್" ಅಂತ ಇತ್ತು. ನನ್ನ ಗಾಡಿಯ ವಿಮೆಯನ್ನು ನೆನಪಿಟ್ಟುಕೊಂಡಿದ್ದ ಹುಡುಗನ ಜೀವಕ್ಕೆ ಒಂದು ರೂಪಾಯಿಯ ವಿಮೆಯೂ ಇರಲಿಲ್ಲ.

ಕೆಲಸದ ವೇಳೆ ಕೆಲಸದಿಂದಲೇ ಸಾವಾದರೆ ಕೆಲಸ ಕೊಟ್ಟವರು ಪರಿಹಾರ ಕೊಡಬೇಕು ಅನ್ನುವ ಕಾನೂನು ಈ ದೇಶದಲ್ಲಿ 1923ರಲ್ಲೇ ಬಂದಿದೆ. ನೂರು ವರ್ಷ ದಾಟಿತು. ಅದು ದಾನ ಅಲ್ಲ. ಊರಿನ ಹಿರಿಯರನ್ನು ಕೂರಿಸಿ, ಅಮ್ಮನ ಮುಂದೆ ಕವರ್ ಇಟ್ಟು, "ಇಷ್ಟಕ್ಕೆ ಮುಗಿಸಿಕೊಳ್ಳಿ" ಅನ್ನುವುದು ಅದರ ದಾರಿಯೂ ಅಲ್ಲ. ಅಮ್ಮ ಆ ಕವರನ್ನು ಮುಟ್ಟಲಿಲ್ಲ. ನನ್ನ ಅಮ್ಮ ತೋಟದ ಆಳುಗಳ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು, ಸಾಹುಕಾರರ ಎದುರು ಕೂತು ಮಾತಾಡಿದವಳಲ್ಲ. ಅವತ್ತೂ ನಿಂತೇ ಇದ್ದಳು. "ಇನ್ನೊಬ್ಬರ ಮಗ ಹೋಗದ ಹಾಗೆ ಏನು ಮಾಡ್ತೀರಿ ಹೇಳಿ" ಅಂತ ಅಷ್ಟೇ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಈ ಪತ್ರ ಅವಳ ಪ್ರಶ್ನೆಯೇ.

ಹಾಗಾಗಿ ನಿಮ್ಮ ತೋಟಕ್ಕೆ ಒಂದು ದಿನದ ಮಟ್ಟಿಗೆ ಬಂದವರಾದರೂ ಹೆಸರು ಬರೆದುಕೊಳ್ಳಿ. ಗುತ್ತಿಗೆಯವರಾಗಲಿ, ಹೊರಗಿನವರಾಗಲಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆ ಇರುವ ಯಾರಿಗಾದರೂ ಸಿಗುತ್ತದೆ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಕೊಯ್ಲಿಗೆ ಮೊದಲು ಒಂದು ಬೆಳಿಗ್ಗೆ ಎಲ್ಲರನ್ನೂ ಬ್ಯಾಂಕಿಗೆ ಕರೆದುಕೊಂಡು ಹೋಗಿ ಮಾಡಿಸಿ. ಅದು ನೀವು ಕೊಡಬೇಕಾದ ಪರಿಹಾರಕ್ಕೆ ಬದಲು ಅಲ್ಲ, ಅದರ ಜೊತೆಗೆ.

ಹಾಗೇ ಒಂದು ಮಧ್ಯಾಹ್ನ ಆರೋಗ್ಯ ಕೇಂದ್ರದವರನ್ನು ಕರೆಸಿ ಎದೆ ಒತ್ತುವುದನ್ನು ಕಲಿಸಿ. ಮೇಸ್ತ್ರಿಯಿಂದ ಹಿಡಿದು ಹಣ್ಣು ಆರಿಸುವ ಹೆಂಗಸರವರೆಗೆ ಎಲ್ಲರಿಗೂ. ಏಣಿ ಇನ್ನೂ ತಂತಿಗೆ ತಾಗಿಕೊಂಡೇ ಇದ್ದರೆ ಯಾರೂ ಹತ್ತಿರ ಹೋಗಬಾರದು ಅನ್ನುವುದನ್ನೂ ಹೇಳಿಕೊಡಿ. ಒಣ ಕೋಲಿನಿಂದ ತಳ್ಳುವುದು ಮನೆಯ ಕರೆಂಟಿಗೆ ಆದೀತು, 11 ಕೆವಿಗೆ ಆಗುವುದಿಲ್ಲ. ಲೈನ್ ಒಮ್ಮೆ ಟ್ರಿಪ್ ಆಗಿ ಕರೆಂಟ್ ಹೋದರೂ ಮತ್ತೆ ಚಾರ್ಜ್ ಆಗಬಹುದು. ಮೊದಲು 1912, ಜೊತೆಯಲ್ಲೇ 108, ಲೈನ್ ಆಫ್ ಆಗಿದೆ ಅಂತ ಖಾತ್ರಿ ಆದ ಮೇಲೆ ಹತ್ತಿರ ಹೋಗಬೇಕು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು, ಮೂವರು ಸತ್ತ ಸುದ್ದಿಯನ್ನೂ ಓದಿದ್ದೇವೆ.

ಅವನ ಜೊತೆ ಮರ ಹತ್ತುತ್ತಿದ್ದ ಗೆಳೆಯರು ಈಗ ಮೆಣಸಿನ ಕೆಲಸಕ್ಕೆ ಹೋಗುತ್ತಿಲ್ಲ. ಒಬ್ಬ ಬೆಂಗಳೂರಿಗೆ ಹೋದ. ಇನ್ನೊಬ್ಬ ಊರಲ್ಲೇ ಇದ್ದಾನೆ. ಅವತ್ತು ಅಂಗಾಲು ತಿಕ್ಕಿದವನು ಅವನೇ. ನಮ್ಮ ಮನೆಗೆ ಬರುತ್ತಾನೆ, ಅಮ್ಮನಿಗೆ ಸೌದೆ ಒಡೆದು ಕೊಡುತ್ತಾನೆ, ಹೆಚ್ಚು ಮಾತಾಡುವುದಿಲ್ಲ. ಈ ಪತ್ರ ಬರೆಯುತ್ತೇನೆ ಅಂದಾಗ ಅವನು ಹೇಳಿದ್ದು ಒಂದೇ: "ಅಕ್ಕಾ, ಮರಕ್ಕೆ ಬಣ್ಣ ಬಳಿಯೋಕೆ ಯಾರಾದ್ರೂ ಕರೆದ್ರೆ ನಾನು ಹೋಗ್ತೀನಿ. ಕೂಲಿ ಬೇಡ."

ಈಗ ಅರೇಬಿಕಾ ಹಣ್ಣು ಕೊಯ್ಲು ನಡೆಯುತ್ತಿದೆ. ಅದಾದ ಮೇಲೆ ರೋಬಸ್ಟಾ, ಅದರ ಹಿಂದೆಯೇ ಮೆಣಸು. ಸಂಘದ ಪದಾಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟು: ನಿಮ್ಮ ಮುಂದಿನ ಸಭೆಯಲ್ಲಿ ಬೆಲೆ, ಆನೆ, ಸಾಲದ ಜೊತೆಗೆ ಈ ವಿಷಯಕ್ಕೂ ಅರ್ಧ ಗಂಟೆ ಕೊಡಿ. ಕೆಂಪು ಪಟ್ಟೆಯ ನಿರ್ಧಾರ ಮಾಡಿ, ಹೋಬಳಿವಾರು ಯಾವ ತೋಟದಲ್ಲಿ ಲೈನ್ ಇದೆ ಅಂತ ಪಟ್ಟಿ ಮಾಡಿ, ಜೋತುಬಿದ್ದ ತಂತಿಗಳ ಬಗ್ಗೆ ವಿದ್ಯುತ್ ಕಚೇರಿಗೆ ಒಟ್ಟಾಗಿ ಬರೆದು ಕೊಡಿ. ಒಬ್ಬಳು ಅಕ್ಕ ಬರೆದರೆ ಫೈಲಿನಲ್ಲಿ ಕೂರುತ್ತದೆ, ಸಂಘ ಬರೆದರೆ ಕೆಲಸ ಆಗುತ್ತದೆ. ಜನವರಿ ಮುಗಿಯುವುದರೊಳಗೆ ಮರಗಳ ಮೇಲೆ ಬಣ್ಣ ಇರಲಿ. ಯಾವ ತೋಟದವರು ಕರೆದರೂ ಭಾನುವಾರ ನಾನು ಬರುತ್ತೇನೆ. ಅವನ ಗೆಳೆಯನೂ ಬರುತ್ತಾನೆ, ಬ್ರಷ್ ನಾವೇ ತರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಅವನ ಅಕ್ಕ
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ